ಇಳಿಯದ ದಿನ

ಹೊಟ್ಟೆನೋವು ಎಂದು ಸುಳ್ಳು ಹೇಳುವುದು ಗಿರಿಧರನಿಗೆ ಅಷ್ಟೇನೂ ಕಷ್ಟವಾಗಲಿಲ್ಲ. ಹೇಳಿದ ಮೇಲೆ ಹೊಟ್ಟೆ ನಿಜವಾಗಿಯೇ ನೋಯತೊಡಗಿದ್ದು ಮಾತ್ರ ಅವನನ್ನು ಹೆದರಿಸಿತು. ಬಹರೈನಿನ ಮಾಹೂಝ್‌ನ ಫ್ಲ್ಯಾಟಿನಲ್ಲಿ ಗೋಡೆಯ ಕಡೆ ತಿರುಗಿ, ಮೊಣಕಾಲುಗಳನ್ನು ಎದೆಗೆ ಎಳೆದುಕೊಂಡು ಮಲಗಿದ್ದ ಅವನು ಫೋನಿನಲ್ಲಿ ಆಡಿದ್ದ ಮಾತನ್ನೇ ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಿದ್ದ. ಪ್ರಾಜೆಕ್ಟ್ ಮ್ಯಾನೇಜರ್ ರಿಝ್ವಾನ್ ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವನು, "ಆಜ್ ಹೀ, ಗಿರಿಧರ್ ಭಾಯ್?" ಎಂದಷ್ಟೇ ಕೇಳಿ, "ಠೀಕ್ ಹೈ. ಡಾಕ್ಟರ್ ಕಾ ಪೇಪರ್ ಲೇ ಆನಾ" ಎಂದು ಇಟ್ಟುಬಿಟ್ಟಿದ್ದ. ಇವತ್ತೇ ಯಾಕೆ ಎಂಬ ಆ ಪ್ರಶ್ನೆಯಲ್ಲಿ ಸಂಶಯ ಎಷ್ಟಿತ್ತು, ಬರೀ ಸುಸ್ತು ಎಷ್ಟಿತ್ತು ಎಂದು ಗಿರಿಧರ ಅಳೆದು ತೂಗಿ ನೋಡಿದ. ಸಂಶಯವೇ ಹೆಚ್ಚೆಂದು ಅನ್ನಿಸಿದಾಗ ಹೊಟ್ಟೆ ಇನ್ನಷ್ಟು ಹಿಂಡಿತು. ರಾಷ್ಟ್ರೀಯ ದಿನಕ್ಕೆ ಮೊದಲು ಒಳಚರಂಡಿಯ ಸುರಂಗ ಆ ತುದಿ ಮುಟ್ಟಬೇಕು ಎಂದು ಮೇಲಿನಿಂದ ಕಟ್ಟಪ್ಪಣೆ ಬಂದಿತ್ತು. ಕೊರೆಯುವ ಯಂತ್ರ ಎರಡು ದಿನದಿಂದ ಮುಷ್ಕರ ಹೂಡಿದಂತೆ ನೆಲದೊಳಗೆ ನಿಂತಿತ್ತು. ಯಾರಾದರೂ ಗುಂಡಿಗೆ ಇಳಿದು, ಪೈಪಿನೊಳಗೆ ತೆವಳಿಕೊಂಡು ಹೋಗಿ, ಯಂತ್ರದ ಹಲ್ಲುಗಳು ಸವೆದಿವೆಯೋ ಇಲ್ಲವೋ ಎಂದು ಕಣ್ಣಾರೆ ನೋಡಿ ಬರಬೇಕಿತ್ತು. ಆ ಯಾರಾದರೂ ಎಂದರೆ ಗಿರಿಧರನೇ. ಅದಕ್ಕೆಂದೇ ಅವನಿಗೆ ಸಂಬಳ.

"ಎಲ್ಲಿ ನೋಯುತ್ತೆ, ತೋರಿಸಿ" ಎಂದು ಪ್ರೇರಣಾ ಮಂಚದ ಅಂಚಿನಲ್ಲಿ ಕೂತಳು. ಅವಳು ಸಲ್ಮಾನಿಯಾದ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಬೆಳಗಿನ ಪಾಳಿಗೆ ಹೊರಟು ನಿಂತವಳು, ಕೈ ತಣ್ಣಗಿತ್ತು. ಅವನು ಹೊಕ್ಕಳ ಪಕ್ಕದಲ್ಲಿ ಎಲ್ಲೋ ತೋರಿಸಿದ. ಅವಳು ಒತ್ತಿದಳು. ಅವನು ಹಾ ಎನ್ನಲು ಒಂದು ಗಳಿಗೆ ತಡಮಾಡಿದ. ಆ ಒಂದು ಗಳಿಗೆಯನ್ನು ಅವಳು ಗಮನಿಸಿದಳೆಂದು ಅವನಿಗೆ ಗೊತ್ತಾಯಿತು. "ಹೋದ ವರ್ಷನೂ ಡಿಸೆಂಬರ್‌ನಲ್ಲೇ ಅಲ್ವೇನ್ರೀ ಹೀಗಾಗಿದ್ದು?" ಎಂದಳು. ಹವೆ ಬದಲಾಗಿದೆಯಲ್ಲ, ಎಂದ. ಬಾಗಿಲಲ್ಲಿ ಸ್ಕೂಲ್ ಬ್ಯಾಗ್ ಹೊತ್ತು ನಿಂತಿದ್ದ ಮಗಳು ಶ್ರೀಜಾ ತಲೆ ಓರೆಮಾಡಿ ನೋಡಿ, "ಅಪ್ಪಾ, ಆರ್ ಯೂ ಫೇಕಿಂಗ್?" ಎಂದು ನಕ್ಕಳು. ಗಿರಿಧರನೂ ನಕ್ಕ, ಹೊಟ್ಟೆನೋವಿನವನು ಅಷ್ಟು ಸಲೀಸಾಗಿ ನಗಬಾರದು ಎಂದು ಆಮೇಲೆ ಹೊಳೆಯಿತು. ತಾಯಿ ಮಗಳು ಹೋದ ಮೇಲೂ ಲಿಫ್ಟಿನ ಸದ್ದು ಕೆಳಗಿಳಿದು ನಿಲ್ಲುವ ತನಕ ಅವನು ಅಲ್ಲಾಡದೆ ಮಲಗಿದ್ದ. ಸ್ವಂತ ಮನೆಯಲ್ಲಿ, ಯಾರೂ ಇಲ್ಲದಾಗಲೂ, ರೋಗಿಯ ಹಾಗೆ ಬೆನ್ನು ಬಗ್ಗಿಸಿಕೊಂಡು ಎದ್ದು ಬಚ್ಚಲಿಗೆ ಹೋದ.

ಹೆಂಡತಿಗಾದರೂ ನಿಜ ಹೇಳಬಹುದಿತ್ತು. ಹೇಳುವುದೇನನ್ನು? ನಲವತ್ತು ದಾಟಿದ ಇಂಜಿನಿಯರೊಬ್ಬ, ದಾವಣಗೆರೆಯ ಶಿವಭಕ್ತರ ಮನೆಯವನು, ಪೋಲೆಂಡಿನ ಗಣಿಯವರ ಹಬ್ಬಕ್ಕೆಂದು ರಜೆ ಹಾಕಿ ಮಲಗಿದ್ದಾನೆ ಎಂದೇ? ಡಿಸೆಂಬರ್ ನಾಲ್ಕು ಸಂತ ಬಾರ್ಬರಾಳ ದಿನ. ನೆಲದೊಳಗೆ ಇಳಿದು ದುಡಿಯುವವರನ್ನೆಲ್ಲ ಕಾಯುವವಳು ಅವಳೆಂದು ಪಾನ್ ಝಿಗ್ಮುಂಟ್ ಹೇಳುತ್ತಿದ್ದ. ಪಾನ್ ಎಂದರೆ ಅವರಲ್ಲಿ ಯಜಮಾನರು ಎಂದ ಹಾಗೆ. ಕಂಪನಿಯ ಇಲ್ಲಿಯ ಕೆಲಸವೆಲ್ಲ ಆಗ ಆ ಪೋಲಿಷ್ ಮುದುಕನ ಕೈಯಲ್ಲಿತ್ತು. ಅಪ್ಪ, ಅಜ್ಜ, ಮುತ್ತಜ್ಜ ಎಲ್ಲ ಕಲ್ಲಿದ್ದಲಿನ ಗಣಿಯಲ್ಲೇ ಉಸಿರು ಸವೆಸಿದವರಂತೆ. ಈತನ ಕೆಮ್ಮಿನಲ್ಲೂ ಇದ್ದಿಲಿನ ಪುಡಿ ಇದೆಯೇನೋ ಅನ್ನಿಸುತ್ತಿತ್ತು. ಆ ಒಂದು ದಿನ ಗುಂಡಿಯ ಬಾಯಿಗೆ ಮುಚ್ಚಳ ಬೀಳುತ್ತಿತ್ತು. ಯಾರೂ ಇಳಿಯುವಂತಿಲ್ಲ, ತಾನೂ ಇಳಿಯುವಂತಿಲ್ಲ, ಸಂಬಳ ಕಡಿತವಿಲ್ಲ. ಶೆಡ್ಡಿನಲ್ಲಿ ಉದ್ದನೆಯ ಮೇಜು ಹಾಕಿಸಿ, ಹೊಸಬರನ್ನು ಕರೆದು, ವೆಲ್ಡಿಂಗಿನವರ ಚರ್ಮದ ಏಪ್ರನ್ನನ್ನು ಇಬ್ಬರ ಕೈಲಿ ಅಡ್ಡ ಹಿಡಿಸಿ ಅದರ ಮೇಲಿಂದ ಹಾರಿಸುತ್ತಿದ್ದ. ಹಾಗೆ ಹಾರಿದವನು ಗಣಿಯವನಾದ ಎಂದು ಲೆಕ್ಕ. ಗಿರಿಧರ ಹಾರುವಾಗ ಅಪ್ಪ ಚಂದ್ರಪ್ಪ ನೋಡಿದ್ದರೆ ಏನೆನ್ನುತ್ತಿದ್ದರೋ ಎಂದುಕೊಂಡು ಕಾಲು ತೊಡರಿ ಮುಗ್ಗರಿಸಿದ್ದ. ಬಂಗಾಳಿಗಳು, ಮಲಯಾಳಿಗಳು, ಉಡುಪಿ ಕಡೆಯವರು ಎಲ್ಲ ಹೋ ಎಂದು ನಕ್ಕಿದ್ದರು. ಆ ಹೊತ್ತಿಗೆ ಝಿಗ್ಮುಂಟ್ ಅವನ ಭುಜ ಹಿಡಿದು ಎತ್ತಿ, ತನ್ನ ಮುರುಕು ಇಂಗ್ಲಿಷಿನಲ್ಲಿ, ಉಳಿದ ದಿನವೆಲ್ಲ ಧೈರ್ಯ ಇರುವವನಂತೆ ಇಳಿಯುತ್ತೀಯಲ್ಲ, ಇವತ್ತು ಒಂದು ದಿನ ಹೆದರಿಕೋ, ಯಾರೂ ಏನೂ ಅನ್ನುವುದಿಲ್ಲ ಎಂದಿದ್ದ. ತನ್ನ ಹೆದರಿಕೆ ಈ ಮುದುಕನಿಗೆ ಹೇಗೆ ಗೊತ್ತಾಯಿತು ಎಂದು ಗಿರಿಧರನ ಎದೆ ಧಸಕ್ಕೆಂದಿತ್ತು.

ಯಾಕೆಂದರೆ ಅವನಿಗೆ ನೆಲದೊಳಗೆ ಭಯ. ಸುರಂಗದ ಇಂಜಿನಿಯರನಿಗೆ ಸುರಂಗವೆಂದರೆ ಭಯ ಎನ್ನುವುದು ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುವಂಥ ಸಂಗತಿ; ಅದಕ್ಕೇ ಯಾರಿಗೂ ಕೇಳಿಸದಂತೆ ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದ. ಏಣಿಯಲ್ಲಿ ಇಳಿಯುವಾಗ ತಲೆಯ ಮೇಲಿನ ಆಕಾಶ ಮೊರದಗಲವಾಗಿ, ತಟ್ಟೆಯಗಲವಾಗಿ, ಕಡೆಗೆ ಬಟ್ಟಲಷ್ಟಾಗುತ್ತದೆ. ಪೈಪಿನ ಸಂದಿನಲ್ಲಿ ಜಿನುಗುವ ನೀರನ್ನು ಬೆರಳಿಗೆ ಹಚ್ಚಿ ನಾಲಗೆಗಿಟ್ಟರೆ ಉಪ್ಪು. ಈ ದ್ವೀಪದಲ್ಲಿ ಎಲ್ಲಿ ಅಗೆದರೂ ಸಮುದ್ರ ಪಕ್ಕದಲ್ಲೇ ಕಿವಿಗೊಟ್ಟು ಕೂತಿರುತ್ತದೆ ಎಂದು ಅವನಿಗೆ ಅನ್ನಿಸುತ್ತಿತ್ತು. ಅದು ಯಾವಾಗ ಎದ್ದು ಒಳಗೆ ಬರಲು ಮನಸ್ಸು ಮಾಡುತ್ತದೋ ಎಂದು ಬೆನ್ನ ಹುರಿಯಲ್ಲಿ ಸದಾ ಒಂದು ಚಳುಕು. ಜೊತೆಯವರಿಗೆ ಕಾಣದಿರಲೆಂದು ಅವನು ಒಳಗೆ ಶಿಳ್ಳೆ ಹಾಕುತ್ತಿದ್ದ. ಗಿರಿಧರ್ ಸಾರ್ ಶಿಳ್ಳೆ ಹಾಕಿಕೊಂಡು ಹೋಗ್ತಾರೆ, ಅವರಿಗೆ ಗಂಡೆದೆ ಎಂದು ಸೈಟಿನಲ್ಲಿ ಮಾತಿತ್ತು. ಕಂಪನಿ ಕೈ ಬದಲಾಯಿಸಿ, ಝಿಗ್ಮುಂಟ್ ಊರಿಗೆ ಹೋಗಿ, ಹೊಸ ಆಡಳಿತದವರು ಇಂಥ ಹಬ್ಬ ಕ್ಯಾಲೆಂಡರಿನಲ್ಲೇ ಇಲ್ಲವಲ್ಲ ಎಂದು ಒಂದೇ ಮಾತಿನಲ್ಲಿ ಅಳಿಸಿ ಹಾಕಿದಾಗ ಯಾರೂ ಚಕಾರವೆತ್ತಲಿಲ್ಲ. ಗಿರಿಧರನೂ ಎತ್ತಲಿಲ್ಲ. ಆದರೆ ಅಂದಿನಿಂದ ಪ್ರತಿ ವರ್ಷ ಆ ದಿನ ಅವನಿಗೆ ಊರಿನಿಂದ ನೆಂಟರು ಬರುತ್ತಿದ್ದರು, ಇಲ್ಲವೇ ಹಲ್ಲು ನೋಯುತ್ತಿತ್ತು, ಇಲ್ಲವೇ ಹೊಟ್ಟೆ. ಅಮ್ಮ ನಾಗಮಣಿ ಸೋಮವಾರದ ಒಪ್ಪೊತ್ತು ಮಾಡುತ್ತಿದ್ದಳಲ್ಲ, ತನ್ನದೂ ಹಾಗೆಯೇ ಒಂದು ವ್ರತ ಎಂದುಕೊಂಡಿದ್ದ. ತಾನು ಉಣ್ಣದಿದ್ದರೆ ಬೇರೆಯವರ ಹೊಟ್ಟೆಗೆ ಏನಾಗುತ್ತದೆ? ಆ ಒಂದು ದಿನ ಶಿಳ್ಳೆ ಹಾಕಬೇಕಾಗಿಲ್ಲ ಎನ್ನುವುದೇ ಅವನಿಗೆ ದೊಡ್ಡ ಪ್ರಸಾದವಾಗಿತ್ತು.

ಹಬ್ಬಕ್ಕೆ ಒಂದು ಕೊಂಬೆ ಬೇಕು. ಅವರ ಊರಿನಲ್ಲಿ ಅವತ್ತು ಚೆರ್ರಿ ಗಿಡದ ಕೊಂಬೆ ಕಡಿದು ನೀರಿನಲ್ಲಿಟ್ಟರೆ ಕ್ರಿಸ್‌ಮಸ್ಸಿಗೆ ಹೂ ಬಿಡುತ್ತದಂತೆ. ಬಹರೈನಿನಲ್ಲಿ ಚೆರ್ರಿ ಎಲ್ಲಿಂದ ಬರಬೇಕು, ಝಿಗ್ಮುಂಟ್ ಬುದಯ್ಯ ಎಂಬ ಊರಿನ ಇಬ್ರಾಹಿಮನ ತೋಟದ ದಾಳಿಂಬೆಯಿಂದಲೇ ತೃಪ್ತಿಪಟ್ಟುಕೊಂಡಿದ್ದ. ಅವನು ಹೋದ ಮೇಲೆ ಗಿರಿಧರ ಅಲ್ಲಿಂದಲೇ ತಂದು ಮನೆಯಲ್ಲಿಡುತ್ತಿದ್ದ. ಹೆಚ್ಚಿನ ವರ್ಷ ಅದು ನೀರಿನಲ್ಲಿ ಕೊಳೆಯುತ್ತಿತ್ತು. ಈ ಒಣಕಡ್ಡಿಗೆ ಯಾಕ್ರೀ ಒಂದು ಲೋಟ ದಂಡ ಎಂದು ಪ್ರೇರಣಾ ಎಸೆಯುತ್ತಿದ್ದಳು. ಈ ಸಲ ಕೊಂಬೆ ಬೇಡವೆಂದೇ ಗಿರಿಧರ ನಿಶ್ಚಯಿಸಿದ್ದ. ಮನೆಯಲ್ಲಿ ಬೆಚ್ಚಗೆ ಬಿದ್ದುಕೊಂಡಿದ್ದು, ಮಧ್ಯಾಹ್ನ ಯಾವುದಾದರೂ ಕ್ಲಿನಿಕ್ಕಿಗೆ ಹೋಗಿ ಹೊಟ್ಟೆ ಹಿಡಿದುಕೊಂಡು ಕೂರುವುದು ಕ್ಷೇಮ. ಆದರೆ ಕೊಂಬೆಯೂ ಇಲ್ಲದಿದ್ದರೆ ಇದು ಹಬ್ಬ ಹೇಗಾದೀತು, ಬರೀ ಕೆಲಸಗಳ್ಳತನ ತಾನೆ ಎಂಬ ಮಾತು ಒಳಗಿನಿಂದ ಚುಚ್ಚತೊಡಗಿತು. ತಲೆಗೆ ಟೋಪಿ ಹಾಕಿ, ಕಪ್ಪು ಕನ್ನಡಕ ಹಾಕಿ, ಕನ್ನಡಿಯಲ್ಲಿ ನೋಡಿಕೊಂಡರೆ ಅಪ್ಪಟ ಕಳ್ಳನ ಹಾಗೆ ಕಂಡ. ಎರಡನ್ನೂ ಕಿತ್ತಿಟ್ಟು ಕಾರಿನ ಕೀ ತೆಗೆದುಕೊಂಡ. ಬುದಯ್ಯ ರಸ್ತೆಯ ಉದ್ದಕ್ಕೂ ದೀಪದ ಕಂಬಗಳಿಗೆ ಕೆಂಪು ಬಿಳಿ ಬಾವುಟ ಕಟ್ಟುತ್ತಿದ್ದರು. ಹಿಂದೆ ಒಂದು ಬಿಳಿ ಪಿಕಪ್ ಕಂಡರೆ ಸಾಕು, ಕಂಪನಿಯದೇ ಎಂದು ಸ್ಟಿಯರಿಂಗ್ ಹಿಡಿದ ಅಂಗೈ ಬೆವರುತ್ತಿತ್ತು. ಸಿಕ್ಕಿಬಿದ್ದರೆ ಏನಾಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತು. ಕೆಲಸ ಹೋಗುತ್ತದೆ, ಕೆಲಸದ ಹಿಂದೆ ವೀಸಾ ಹೋಗುತ್ತದೆ, ಶ್ರೀಜಾಳನ್ನು ನಡುವರ್ಷದಲ್ಲಿ ಶಾಲೆ ಬಿಡಿಸಬೇಕಾಗುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಕಾರು ಬುದಯ್ಯದ ಕಡೆಗೇ ಹೋಗುತ್ತಿತ್ತು.

"ಹಲಾ, ಮುಹಂದಿಸ್!" ಎಂದು ಇಬ್ರಾಹಿಂ ಖರ್ಜೂರದ ಮರದ ಬುಡದಿಂದಲೇ ಕೂಗಿದ. ಇಂಜಿನಿಯರ್ ಎಂಬ ಆ ಅರಬ್ಬಿ ಮಾತನ್ನು ಇಡೀ ತೋಟಕ್ಕೆ ಕೇಳುವಂತೆ ಅವನು ಕೂಗಿದ್ದಕ್ಕೆ ಗಿರಿಧರನ ಕುತ್ತಿಗೆ ಹೆಗಲೊಳಗೆ ಇಳಿಯಿತು. ಇಬ್ರಾಹಿಂ ತನ್ನ ಪೋಲಿಷ್ ಗೆಳೆಯನ ಕ್ಷೇಮಸಮಾಚಾರ ಕೇಳಿದ, ಸುದ್ದಿಯಿಲ್ಲ ಎಂದಾಗ ದೇವರು ದೊಡ್ಡವನು ಎಂಬಂತೆ ಆಕಾಶ ನೋಡಿದ, ಕತ್ತರಿ ಕೊಟ್ಟು ತನ್ನ ಪಾಡಿಗೆ ನೀರು ಬಿಡಲು ಹೋದ. ದಾಳಿಂಬೆಯ ಎಲೆ ಹಳದಿಯಾಗಿ ಉದುರುತ್ತಿತ್ತು. ಗಿರಿಧರ ಒಂದು ಕೊಂಬೆ ಆರಿಸಿ, ಕಡಿದು, ಅಂಗೈಯಲ್ಲಿ ಹಿಡಿದುಕೊಂಡಾಗ, ಬೆಳಗಿನಿಂದ ಮೊದಲ ಸಲ ಉಸಿರು ಹೊಟ್ಟೆಯ ತನಕ ಹೋಯಿತು. ಇವತ್ತು ಇಳಿಯುವುದಿಲ್ಲ. ಇವತ್ತು ಆಕಾಶ ಪೂರ್ತಿ ಇದೆ.

"ಗಿರಿಧರ್ ಸರ್ ಅಲ್ವಾ?"

ಅವನು ಕೊಂಬೆಯನ್ನು ಬೆನ್ನ ಹಿಂದೆ ಮಾಡಿಕೊಂಡ. ತರಕಾರಿಯ ಶೆಡ್ಡಿನ ಕಡೆಯಿಂದ ಮೂಲಂಗಿ ಸೊಪ್ಪಿನ ಕಟ್ಟು ಹಿಡಿದು ಬಂದವಳು ಉಷಾಲತಾ, ಸೈಟಿನ ಫೋರ್‌ಮನ್ ಸುಂದರನ ಹೆಂಡತಿ. ಹತ್ತಿರದ ಕಾಂಪೌಂಡಿನಲ್ಲಿ ಒಂದು ಮನೆಗೆ ಅಡಿಗೆ ಮಾಡುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಇಲ್ಲಿ, ಈ ಹೊತ್ತಿನಲ್ಲಿ, ಎದುರಿಗೇ ಬಂದು ನಿಲ್ಲುತ್ತಾಳೆಂದು ಮಾತ್ರ ಯೋಚಿಸಿರಲಿಲ್ಲ. ನಗಬೇಕೋ ಹೊಟ್ಟೆ ಹಿಡಿದುಕೊಳ್ಳಬೇಕೋ ತಿಳಿಯದೆ ಎರಡನ್ನೂ ಅರೆಬರೆ ಮಾಡಿದ.

"ನಿಮಗೆ ಹುಷಾರಿಲ್ಲ ಅಂತ ಇವರು ಫೋನ್ ಮಾಡಿದ್ರು" ಎಂದಳು.

"ಹೌದು, ಈಗ ಸ್ವಲ್ಪ ಪರವಾಗಿಲ್ಲ."

ಅವಳ ಕಣ್ಣು ಅವನ ಮೊಣಕೈಯ ಹಿಂದೆ ಇಣುಕುತ್ತಿದ್ದ ಕೊಂಬೆಯ ತುದಿಗೆ ಹೋಯಿತು. "ಓ, ಮದ್ದಿಗಾ? ದಾಳಿಂಬೆ ಒಳ್ಳೇದು ಸರ್ ಹೊಟ್ಟೆಗೆ. ನಮ್ಮಲ್ಲಿಯೂ ಚೆಕ್ಕೆ ಬೇಯಿಸಿ ಕುಡಿತಾರೆ" ಎಂದಳು. ಪಾಪದ ಹೆಂಗಸು ತಾನಾಗಿಯೇ ಬಾಗಿಲು ತೆರೆದು ಹಿಡಿದಿದ್ದಳು, ಹೂಂ ಎಂದು ತಲೆಯಾಡಿಸಿ ದಾಟಿಬಿಟ್ಟಿದ್ದರೆ ಮುಗಿಯುತ್ತಿತ್ತು. ಗಿರಿಧರ ತಲೆಯಾಡಿಸಿಯೂ ಆಡಿಸಿದ. ಅವಳು ಹೋಗಲಿಲ್ಲ. ಸೊಪ್ಪಿನ ಕಟ್ಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು, "ಬೇಜಾರು ಮಾಡ್ಬೇಡಿ ಸರ್, ಒಂದು ಮಾತು" ಎಂದಳು. "ನಿಮ್ಮ ಬದಲಿಗೆ ಇವತ್ತು ಇವರು ಒಳಗೆ ಹೋಗುದಂತೆ. ಹೋದ ವರ್ಷ ನಿಮಗೆ ಹುಷಾರಿಲ್ಲದಾಗಲೂ ಇವರೇ ಹೋದದ್ದು. ಅದರ ಮೊದಲೂ. ಬಂದು ಎರಡು ದಿನ ಸರಿ ಊಟ ಮಾಡುದಿಲ್ಲ, ಕೇಳಿದ್ರೆ ಎಂತದಿಲ್ಲ ಅಂತಾರೆ. ನನಗೆ ಹೆದರಿಕೆ ಆಗ್ತದೆ ಸರ್. ನೀವು ಫೋನಲ್ಲಿ ಹೇಳಿದ್ರೆ ನಾಳೆಗೆ ಹಾಕ್ಲಿಕ್ಕೆ ಆಗುದಿಲ್ವಾ, ನೀವು ಬಂದ ಮೇಲೆ?"

ಗಿರಿಧರನಿಗೆ ಮೊದಲು ಬಂದದ್ದು ಸಿಟ್ಟು. ಹಬ್ಬದ ದಿನ ಇವಳು ಎಲ್ಲಿಂದ ವಕ್ಕರಿಸಿದಳು ಎನ್ನುವ ಸಿಟ್ಟು. ಅದು ನಾಚಿಕೆಯಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಈ ವರ್ಷಗಳಲ್ಲೆಲ್ಲ ಮರುದಿನ ಸೈಟಿಗೆ ಹೋದಾಗ ಒಂದು ದಿನವೂ ಅವನು ನಿನ್ನೆ ಯಾರು ಇಳಿದಿರಿ ಎಂದು ಕೇಳಿರಲಿಲ್ಲ. ಮುಚ್ಚಳ ಬಿದ್ದಿತ್ತು ಎಂದುಕೊಂಡಿದ್ದನೇ? ಇಲ್ಲ, ಅಷ್ಟು ಪೆದ್ದನಲ್ಲ. ಏನನ್ನೂ ಅಂದುಕೊಳ್ಳದೆ ಇರಲು ಅಭ್ಯಾಸ ಮಾಡಿಕೊಂಡಿದ್ದ. ಒಪ್ಪೊತ್ತು ಮಾಡುವವಳ ಪಾಲಿನ ಊಟವನ್ನು ಯಾರೂ ಬಲವಂತವಾಗಿ ತಿನ್ನಬೇಕಾಗಿಲ್ಲ. ಆದರೆ ಅವನು ಬಿಟ್ಟ ಗುಂಡಿಗೆ ಯಾರಾದರೂ ಒಬ್ಬ ಇಳಿಯಲೇಬೇಕು. ಇಷ್ಟು ಸರಳವಾದ್ದನ್ನು ಇಂಜಿನಿಯರನ ತಲೆ ಒಳಗೆ ಬಿಟ್ಟುಕೊಂಡಿರಲಿಲ್ಲ. ಅವನು ಬೆನ್ನ ಹಿಂದಿನಿಂದ ಕೊಂಬೆಯನ್ನು ಮುಂದೆ ತಂದ.

"ನನಗೆ ಹೊಟ್ಟೆನೋವಿಲ್ಲ" ಎಂದ. "ಇವತ್ತು ಒಂದು ಹಬ್ಬ. ಹಿಂದೆ ಕಂಪನಿಯಲ್ಲಿ ರಜೆ ಕೊಡ್ತಿದ್ರು, ಈಗಿಲ್ಲ. ಪೋಲೆಂಡಿನವರದು. ನೆಲದೊಳಗೆ ಇಳಿಯೋರ ಹಬ್ಬ. ಇವತ್ತು ಯಾರೂ ಇಳಿಯಬಾರದು."

"ಯಾರೂ?"

"ಯಾರೂ."

"ಹಾಗಾದ್ರೆ ಇವರು?" ಎಂದಳು ಉಷಾಲತಾ.

ಕೇಳಿದ್ದು ಜಗಳಕ್ಕಲ್ಲ. ನಿಜವಾಗಿ ಗೊತ್ತಿಲ್ಲದೆಯೇ ಕೇಳಿದಳು, ಉತ್ತರಕ್ಕೆ ಕಾದಳು. ಅವಳ ಮುಖದಲ್ಲಿ ಒಂದಿಷ್ಟು ತಾತ್ಸಾರ ಕಂಡಿದ್ದರೂ ಅವನು ತಪ್ಪಿಸಿಕೊಳ್ಳುತ್ತಿದ್ದನೇನೋ. ಹೆದರಿಕೆ ಮಾತ್ರ ಇತ್ತು. ಅದು ಅವನಿಗೆ ಕನ್ನಡಿಯಲ್ಲಿ ದಿನಾ ನೋಡಿ ಗುರುತಾದ ಹೆದರಿಕೆಯೇ. ಗಿರಿಧರ ಕಾರಿನ ಕಡೆ ಓಡಿ, ಕೊಂಬೆಯನ್ನು ಹಿಂದಿನ ಸೀಟಿಗೆ ಎಸೆದು ಫೋನ್ ತೆಗೆದ.

ಸುಂದರನ ಫೋನ್ ರಿಂಗಾಗಿ ರಿಂಗಾಗಿ ನಿಂತಿತು. ಇಳಿಯುವ ಮೊದಲು ಫೋನನ್ನು ಲಾಕರಿನಲ್ಲಿಟ್ಟು ಹೋಗಬೇಕು, ಹಾಗಾದರೆ ಇಳಿದಾಗಿದೆ. ಅಥವಾ ಚಹಾ ಕುಡಿಯುತ್ತಿರಬಹುದು. ಅಥವಾ. ಸೈಟ್ ಆಫೀಸಿಗೆ ಮಾಡಿದರೆ ರಿಝ್ವಾನನೇ ಎತ್ತಿ, "ಹಲೋ? ಗಿರಿಧರ್ ಭಾಯ್? ತಬಿಯತ್ ಕೈಸೀ ಹೈ?" ಎಂದ, ದನಿಯಲ್ಲಿ ನಿಜವಾದ ಕಾಳಜಿಯಿತ್ತು. ಗಿರಿಧರ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಯಾರೋ ಹಾರ್ನ್ ಹೊಡೆದರು, ಮನೆಯಲ್ಲಿ ಮಲಗಿದವನ ಫೋನಿನಲ್ಲಿ ರಸ್ತೆಯ ಹಾರ್ನ್ ಕೇಳಿಸಿತಲ್ಲ ಎಂದು ಗಾಬರಿಯಾಗಿ ಕಟ್ ಮಾಡಿದ. ಹೆದ್ದಾರಿಯಲ್ಲಿ ವಾಹನಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ಪೈಪಿನೊಳಗೆ ಮುಂದಕ್ಕೂ ಹೋಗಲಾಗದೆ ಹಿಂದಕ್ಕೂ ಹೊರಳಲಾಗದೆ ಮೊಣಕಾಲಿನ ಮೇಲೆ ನಿಂತಾಗ ಆಗುವ ಅದೇ ಉಬ್ಬಸ ಈ ಬಿಸಿಲಿನಲ್ಲಿ, ಎಸಿ ಕಾರಿನಲ್ಲಿ ಅವನನ್ನು ಹಿಡಿದುಕೊಂಡಿತು. ಅಲ್ಲಿ ಈಗ ಸುಂದರ ತೆವಳುತ್ತಿದ್ದಾನೆ. ಅವನ ಟಾರ್ಚಿನ ಮುಂದೆ ಯಂತ್ರದ ಬೆನ್ನು. ಸಂದಿನಿಂದ ನೀರು ತೊಟ್ಟಿಕ್ಕುತ್ತಿದೆ, ಧಾರೆಯಾಗುತ್ತದೆ, ಸಮುದ್ರ ಎದ್ದು ನಿಲ್ಲುತ್ತದೆ. ಇಷ್ಟು ವರ್ಷ ತನ್ನ ಸಾವನ್ನೇ ನೂರು ಬಗೆಯಲ್ಲಿ ಚಿತ್ರಿಸಿಕೊಂಡು ಹೆದರಿದ್ದ ಗಿರಿಧರನಿಗೆ, ತಾನು ಹೊರಗಿರುವಾಗ ಒಳಗೆ ಇನ್ನೊಬ್ಬ ಇದ್ದಾನೆ ಎನ್ನುವ ಹೆದರಿಕೆಗೆ ಯಾವ ಪಟ್ಟೂ ಗೊತ್ತಿರಲಿಲ್ಲ. ಶಿಳ್ಳೆ ಹಾಕಲು ತುಟಿ ಮುಂದೆ ಮಾಡಿದ. ಬರೀ ಗಾಳಿ ಬಂತು.

ಸೈಟಿನ ಗೇಟಿನಲ್ಲಿ ಕಾವಲಿನವನು ಸಲಾಂ ಹೊಡೆದ. ಹೆಲ್ಮೆಟ್ಟಿಲ್ಲದೆ, ಮನೆಯ ಚಪ್ಪಲಿಯಲ್ಲಿ, ಸೈಟಿನ ಮಣ್ಣಿನಲ್ಲಿ ಗಿರಿಧರ ಇದುವರೆಗೆ ಕಾಲಿಟ್ಟಿರಲಿಲ್ಲ. ಗುಂಡಿಯ ಬಾಯಲ್ಲಿ ವಾಕಿಟಾಕಿ ಹಿಡಿದು ಕಾವಲು ನಿಂತಿದ್ದವನು ಮಂಗಳೂರಿನ ಆಲ್‌ಸ್ಟನ್. "ಅರೆ, ಸರ್! ನೀವು ಸಿಕ್ ಅಲ್ವಾ?"

"ಸುಂದರ ಎಲ್ಲಿ?"

"ಒಳಗೆ. ಮೆಷಿನ್ ಹತ್ರ ಮುಟ್ಟಿರ್ಬೇಕು. ಗ್ಯಾಸ್ ಎಲ್ಲ ನಾರ್ಮಲ್ ಉಂಟು ಸರ್, ಎಂತ ತೊಂದರೆ ಇಲ್ಲ."

ಗಿರಿಧರ ಕೈ ಚಾಚಿ ವಾಕಿಟಾಕಿ ತೆಗೆದುಕೊಂಡ. ಮೇಲಿನವನು ಬಾ ಎಂದರೆ ಒಳಗಿನವನು ಮರುಮಾತಿಲ್ಲದೆ ಹೊರಗೆ ಬರಬೇಕು, ಕಾರಣ ಆಮೇಲೆ ಕೇಳಬೇಕು ಎನ್ನುವುದು ಗುಂಡಿಯ ನಿಯಮ. ಆದರೆ ಕಾರಣವನ್ನು ಯಾರಾದರೂ ಕೇಳಿಯೇ ಕೇಳುತ್ತಾರೆ. ತಗಡಿನ ಆಫೀಸಿನ ಬಾಗಿಲು ತೆರೆದುಕೊಂಡು ರಿಝ್ವಾನ್ ಹೊರಗೆ ಬರುತ್ತಿದ್ದುದು ಓರೆಗಣ್ಣಿಗೆ ಕಂಡಿತು.

"ಸುಂದರ, ಗಿರಿಧರ್ ಮಾತಾಡೋದು. ಮೇಲೆ ಬನ್ನಿ."

ಗರಗರ ಸದ್ದು. ಉತ್ತರವಿಲ್ಲ. ಮತ್ತೆ ಕರೆದ. ಉತ್ತರವಿಲ್ಲ. ಪೈಪಿನ ಬಾಗಿನಲ್ಲಿ ಕೆಲವೊಮ್ಮೆ ಸಿಗ್ನಲ್ ಸಿಗುವುದಿಲ್ಲ ಎಂದು ಆಲ್‌ಸ್ಟನ್ ಏನೋ ಹೇಳುತ್ತಿದ್ದ, ಅದು ಗಿರಿಧರನಿಗೂ ಗೊತ್ತು, ಗೊತ್ತಿದ್ದು ಏನು ಉಪಯೋಗ? ಅವನು ಕಂಬಿ ಹಿಡಿದು ಬಗ್ಗಿದ. ಕೆಳಗೆ ಕತ್ತಲೆ ಬಾಯಿ ತೆರೆದಿತ್ತು. ಇವನ ಹೆಂಡತಿಗೆ ನಾನು ಏನು ಹೇಳಲಿ, ಹಬ್ಬ ಅಂತ ಹೇಳಲೇ?

"ಸರ್?" ಎಂದಿತು ಒಳಗಿನ ದನಿ. "ಎಂತಾಯ್ತು? ಗ್ಯಾಸಾ?"

"ಇಲ್ಲ."

"ನೀರು ಬಂತಾ?"

ಹೂಂ ಎಂದರೆ ಸಾಕಿತ್ತು. ನೀರು ಬಂದ ಹಾಗೆ ಅನ್ನಿಸಿತು, ಸದ್ದು ಕೇಳಿಸಿತು ಎಂದರೆ ಯಾರೂ ಅನುಮಾನಿಸುತ್ತಿರಲಿಲ್ಲ. ಎಚ್ಚರಿಕೆಯ ಮನುಷ್ಯ ಎಂದು ಇನ್ನಷ್ಟು ಹೆಸರೇ ಬರುತ್ತಿತ್ತು. ಅಂಥ ಸುಳ್ಳುಗಳಲ್ಲಿ ಅವನು ಪಳಗಿದ ಕೈ. ರಿಝ್ವಾನ್ ಪಕ್ಕದಲ್ಲೇ ಬಂದು ನಿಂತು ಅವನ ಚಪ್ಪಲಿ ನೋಡುತ್ತಿದ್ದ. ಒಂದೇ ಚಾನೆಲ್, ಸೈಟಿನಲ್ಲಿ ವಾಕಿಟಾಕಿ ಇಟ್ಟುಕೊಂಡವರಿಗೆಲ್ಲ ಕೇಳಿಸುತ್ತದೆ.

"ನೀರೂ ಇಲ್ಲ" ಎಂದ ಗಿರಿಧರ. "ನನಗೆ ಹೆದರಿಕೆ ಆಗ್ತಿದೆ, ಸುಂದರ. ಬನ್ನಿ ಮೇಲೆ."

ಗರಗರ ಸದ್ದು ಮತ್ತೆ. ಕ್ರೇನಿನ ಮೇಲಿದ್ದವನು ಎಂಜಿನ್ ಆರಿಸಿದ. ಸೈಟಿನಲ್ಲಿ ಯಾರೂ ನಗಲಿಲ್ಲ.

"ನನಗೂ ಸರ್" ಎಂದ ಸುಂದರ. "ಬಂದೆ."

ರಿಝ್ವಾನ್ ಕಾಯ್ದ. ಸುಂದರನ ಹೆಲ್ಮೆಟ್ಟಿನ ದೀಪ ಪೈಪಿನ ಬಾಯಲ್ಲಿ ಕಂಡ ಮೇಲೆಯೇ, "ಕ್ಯಾ ಹುವಾ?" ಎಂದು ಕೇಳಿದ. ಗಿರಿಧರ, ತನಗೆ ಹೊಟ್ಟೆನೋವು ಇರಲಿಲ್ಲ, ಸುಳ್ಳು ಹೇಳಿದ್ದೆ ಎಂದ. ಆಮೇಲೆ ಹಬ್ಬದ ವಿಷಯ ಹೇಳಿದ, ತನ್ನ ಹರಕು ಹಿಂದಿಯಲ್ಲಿ, ಹೇಳುತ್ತ ಹೇಳುತ್ತ ಅದು ಎಷ್ಟು ಹುಚ್ಚು ಮಾತಾಗಿ ಕೇಳುತ್ತಿದೆ ಎಂದು ಕಿವಿ ಬಿಸಿಯಾಯಿತು. ರಿಝ್ವಾನ್ ಕೂಗಾಡುವ ಮನುಷ್ಯನಲ್ಲ. ಹಣೆ ಉಜ್ಜಿಕೊಂಡು, "ಊಪರ್‌ವಾಲೋಂ ಕೋ ಮೈಂ ಕ್ಯಾ ಬೋಲೂಂ? ಕಿ ಇಂಜಿನಿಯರ್ ಕೋ ಡರ್ ಲಗಾ?" ಎಂದ. ಇಂಜಿನಿಯರನಿಗೆ ಹೆದರಿಕೆಯಾಯಿತು ಎಂದೇ ಮೇಲಿನವರಿಗೆ ಹೇಳಿ ಎಂಬಂತೆ ಗಿರಿಧರ ತಲೆಯಾಡಿಸಿದ. "ಏಕ್ ಘಂಟಾ" ಎಂದು ರಿಝ್ವಾನ್ ಬೆರಳೆತ್ತಿ ಒಂದು ಗಂಟೆಯ ಬಿಡುವು ಕೊಟ್ಟ. "ಉಸ್ಕೇ ಬಾದ್ ಕಾಮ್. ಕಲ್ ಸುಬಹ್ ಮೇರೇ ಪಾಸ್ ಆ ಜಾನಾ, ಯೇ ಸಿಕ್ ಲೀವ್ ಕೀ ಬಾತ್ ಕರನೀ ಹೈ." ಅದರ ಅರ್ಥ ಗಿರಿಧರನಿಗೆ ಆಯಿತು. ಇಂಥ ಮಾತಿಗೆ ನಾಳೆ ಬಾ ಎಂದು ಕರೆಸಿಕೊಂಡವರು ಸೈಟಿಗೆ ಮರಳಿದ್ದನ್ನು ಅವನು ನೋಡಿರಲಿಲ್ಲ. ಪ್ರೇರಣಾಳಿಗೆ ಇವತ್ತೇ ಎಲ್ಲ ಹೇಳಬೇಕು ಎಂದುಕೊಂಡ, ಅದಕ್ಕೂ ಹೆದರಿಕೆಯಾಯಿತು.

ಕಾಂಕ್ರೀಟ್ ಪೈಪುಗಳ ನೆರಳಿನಲ್ಲಿ ಸುಂದರ ಕೂತಿದ್ದ. ಆಲ್‌ಸ್ಟನ್ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟ. ಸುಂದರ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ, ಆದರೂ ಚಹಾ ತುಳುಕಿ ಬೆರಳ ಮೇಲೆ ಹರಿಯುತ್ತಿತ್ತು. ಅವನು ಒರೆಸಿಕೊಳ್ಳಲಿಲ್ಲ, ಮರೆಮಾಡಲೂ ಹೋಗಲಿಲ್ಲ. ಗಿರಿಧರ ಪಕ್ಕದಲ್ಲಿ ಕೂತ. ವರ್ಷಗಟ್ಟಲೆ ಇವನ ಜೊತೆ ಇಳಿದಿದ್ದಾನೆ, ಹತ್ತಿದ್ದಾನೆ. ಈ ಕೈಗಳ ಕಡೆ ಒಂದು ದಿನ ನೋಡಿರಲಿಲ್ಲ. ತನ್ನ ಕೈ ಬೇರೆಯವರಿಗೆ ಕಾಣದ ಹಾಗೆ ನೋಡಿಕೊಳ್ಳುವುದರಲ್ಲೇ ಅವನ ಹೊತ್ತೆಲ್ಲ ಕಳೆದಿತ್ತು.

"ಡಿಸೆಂಬರ್ ನಾಲ್ಕು ನನಗೂ ನೆನಪುಂಟು ಸರ್" ಎಂದ ಸುಂದರ. "ಮುದುಕ ಇರುವಾಗ ನಾನೂ ಇದ್ದೆನಲ್ಲ. ನೀವು ಇವತ್ತು ಬರ್ಲಿಕ್ಕಿಲ್ಲ ಅಂತ ನಿನ್ನೆಯೇ ಗೊತ್ತಿತ್ತು."

"ಒಂದು ಮಾತು ಹೇಳಬಹುದಿತ್ತಲ್ಲ."

"ಎಂತ ಹೇಳುದು? ಒಬ್ಬರಾದ್ರೂ ಆಚರಿಸ್ಲಿ ಅಂತ ಸುಮ್ಮನೆ ಕೂತೆ." ಸುಂದರ ಚಹಾ ಕುಡಿದ. "ಸಿಟ್ಟಿಲ್ಲ ಅಂತ ಅಲ್ಲ ಮಾರಾಯ್ರೆ. ಸಿಟ್ಟುಂಟು. ಪ್ರತಿ ಸಲ ಇಳಿಯುವಾಗ ನಿಮಗೆ ಬೈದುಕೊಂಡೇ ಇಳಿಯುದು. ಬೈದ್ರೆ ಹೆದರಿಕೆ ಸ್ವಲ್ಪ ಕಮ್ಮಿ."

ಗಿರಿಧರನಿಗೆ ಕ್ಷಮೆ ಕೇಳಬೇಕೆನ್ನಿಸಿತು, ಕೇಳಿದ. ಸುಂದರ ಆಕಾಶದ ಕಡೆ ನೋಡಿದ. ಗಾಳಿ ತಂಪಾಗಿತ್ತು. ಕ್ರೇನಿನವನು ಇಳಿದು ಬಂದು ಚಪ್ಪಡಿಯ ಮೇಲೆ ಉದ್ದಕ್ಕೆ ಮಲಗಿದ, ಪಂಪಿನವರು ಇಬ್ಬರು ಹೆಲ್ಮೆಟ್ ತೆಗೆದು ತಲೆಗೂದಲಿಗೆ ಗಾಳಿಯಾಡಿಸಿಕೊಂಡರು. ಯಾರಿಗೂ ಹಬ್ಬದ ಗುರುತು ಇದ್ದಂತಿರಲಿಲ್ಲ, ಇದ್ದರೂ ಹೇಳಲಿಲ್ಲ. ಗಿರಿಧರನ ಮನಸ್ಸು ನಾಳೆಯ ಬೆಳಗಿಗೂ, ಮಗಳ ಶಾಲೆಗೂ ಓಡಿ ಓಡಿ ಹೋಗಿ, ದಣಿದು, ಮತ್ತೆ ಈ ನೆರಳಿಗೇ ಬಂದು ಕೂರುತ್ತಿತ್ತು. ಆಫೀಸಿನ ಬಾಗಿಲಲ್ಲಿ ರಿಝ್ವಾನ್ ಕಾಣಿಸಿಕೊಂಡು ಗಡಿಯಾರ ತೋರಿಸಿದಾಗ ಸುಂದರ ಕಪ್ಪನ್ನು ಕೆಳಗಿಟ್ಟು, ಮೊಣಕಾಲಿಗೆ ಕೈ ಊರಿ ಏಳತೊಡಗಿದ.

"ಕೂತಿರಿ" ಎಂದ ಗಿರಿಧರ. "ನಾನು ಹೋಗ್ತೀನಿ."

ಯಾರದೋ ಬೂಟು ಹಾಕಿಕೊಂಡ, ಸ್ವಲ್ಪ ದೊಡ್ಡದಿತ್ತು. ಆಲ್‌ಸ್ಟನ್ ತನ್ನ ಹೆಲ್ಮೆಟ್ ಕೊಟ್ಟ. ಸುಂದರ ಎದ್ದು ಬಂದು, ನಡುಗುವ ಬೆರಳುಗಳಲ್ಲೇ, ಬೆಲ್ಟಿನ ಪಟ್ಟಿಗಳನ್ನು ಅವನ ತೊಡೆಗೆ, ಎದೆಗೆ ಬಿಗಿದ. ಬಕಲು ಎರಡು ಸಲ ಜಾರಿತು. ಶಿಳ್ಳೆಯ ಯೋಚನೆ ಬರಲಿಲ್ಲ. ಗುಂಡಿಯ ಸುತ್ತ ನಿಂತವರೆಲ್ಲ ನೋಡುತ್ತಿದ್ದರು, ನೋಡಲಿ ಎಂದುಕೊಂಡ. ಏಣಿಯ ಮೇಲೆ ಕಾಲಿಟ್ಟಾಗ ಹಗ್ಗ ಹಿಡಿದುಕೊಂಡ ಸುಂದರ ಬಗ್ಗಿ ಕೇಳಿದ:

"ಹೆದರಿಕೆ ಉಂಟಾ ಸರ್?"

"ಇದೆ."

"ಹಾಗಾದ್ರೆ ನಿಧಾನ ಇಳೀರಿ. ಹಗ್ಗ ನನ್ನ ಕೈಯಲ್ಲುಂಟು."